ತೊಂಬತ್ತೊಂದು ದಿನದ ಬಾಣಂತನ

"ಇವರು ಹೀಗೆ ಮಲಗಿ ಎಷ್ಟು ದಿನ ಆಯ್ತು?" ಎಂದು ಡಾಕ್ಟರು ಕೇಳಿದರು.

ಚಿರುತೇಯಿ ಹೆಗಲ ಮೇಲಿನ ಬೈರಾಸನ್ನು ಸರಿಮಾಡಿಕೊಂಡಳು. "ತೊಂಬತ್ತೊಂದು ದಿನ ಡಾಕ್ಟ್ರೇ. ಒಂದು ದಿನ ಸಹ ತಪ್ಪಿಸ್ಲಿಲ್ಲ. ಕಾಲು ನೆಲಕ್ಕೆ ಊರ್ಲಿಕ್ಕೆ ನಾನು ಬಿಡ್ಲೇ ಇಲ್ಲ."

ಶಭಾಸ್ ಎನ್ನುತ್ತಾರೆ ಎಂದು ಕಾದಳು. ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು. ಗಾಲಿಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದ ಮಗಳು ಪುಷ್ಪಜಳನ್ನು ನೋಡಿದರು, ಆಮೇಲೆ ಇವಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚಿರುತೇಯಿ ತಡೆದುಕೊಳ್ಳುತ್ತಿದ್ದಳು.

"ಹಿಂದಿನ ಮೂರು ಸಲವೂ ನಾನು ಕೇಳಿದ್ದೆ, ಮನೆಯಲ್ಲಿ ನಡೀತಾರಾ ಅಂತ. ನಡೀತಾಳೆ ಅಂತ ಹೇಳಿದ್ದು ನೀವೇ ಅಲ್ವಾ?"

"ಹೌದು."

"ಮತ್ತೆ?"

ಅವಳ ಬಳಿ ಉತ್ತರವಿತ್ತು, ಅದನ್ನು ಆ ಕೋಣೆಯಲ್ಲಿ ಹೇಳುವಂತಿರಲಿಲ್ಲ. ಆಸ್ಪತ್ರೆಯವರಿಗೆ ಕೊಯ್ಯುವುದು ಗೊತ್ತು, ಹೊಲಿಯುವುದು ಗೊತ್ತು. ಆಮೇಲೆ ಹೆಂಗಸಿನ ಮೈಯನ್ನು ಎತ್ತಿ ಕಟ್ಟುವುದು ಅವರಿಗೇನು ಗೊತ್ತು ಎಂಬುದು ಅವಳ ಎಣಿಕೆ. ಹಾಗಾಗಿ ಅವರು ಕೇಳಿದಾಗೆಲ್ಲ ಅವರಿಗೆ ಬೇಕಾದ ಮಾತು ಹೇಳಿ, ಮನೆಗೆ ಬಂದು ತನಗೆ ತಿಳಿದದ್ದನ್ನು ಮಾಡಿದ್ದಳು.

ತಿಳಿದದ್ದು ಅಂದರೆ ಸಣ್ಣದೇನಲ್ಲ. ಕೇರಳದ ಪಯ್ಯನ್ನೂರಿನಿಂದ ಆರು ಮೈಲಿ ಒಳಗಿನ ಆ ಊರಿನಲ್ಲಿ ಚಿರುತೇಯಿಯ ಕೈ ತಾಗದ ಬಾಣಂತಿ ಇಲ್ಲ. ಹತ್ತೊಂಬತ್ತು ವರ್ಷಕ್ಕೆ ಅತ್ತೆಯ ಹಿಂದೆ ಎಣ್ಣೆ ಗಿಂಡಿ ಹಿಡಿದು ಹೊರಟವಳು, ಈಗ ಅರವತ್ತೇಳು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಬಾಣಂತನ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಎಣ್ಣೆ ಹಚ್ಚಿ ತಿಕ್ಕುವುದು, ಹತ್ತು ಬಗೆ ಸೊಪ್ಪು ಹಾಕಿ ಕುದಿಸಿದ ನೀರು ಹುಯ್ಯುವುದು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು, ಮೆಂತೆಗಂಜಿ, ತೆಂಗಿನ ಹೊಂಬಾಳೆಯ ಲೇಹ್ಯ, ಮತ್ತೆ ಮಲಗಿಸುವುದು. ನಲವತ್ತೊಂದು ದಿನ ಬಾಣಂತಿ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಬೇರೆಯವರು ಹದಿನೈದು ದಿನಕ್ಕೇ ಎಬ್ಬಿಸಿ ಅಂಗಳದಲ್ಲಿ ಓಡಾಡಿಸುತ್ತಾರೆ, ಚಿರುತೇಯಿ ಬಿಡುವುದಿಲ್ಲ. ಒಮ್ಮೆ ಒಬ್ಬ ಲೇಡಿ ಡಾಕ್ಟರೇ ತಮ್ಮ ಬಾಣಂತನಕ್ಕೆ ಇವಳನ್ನು ಕರೆಸಿದ್ದರು. ಮೂರನೆಯ ದಿನ ಎದ್ದು ಕಿಟಕಿಯ ಹತ್ತಿರ ನಿಂತದ್ದಕ್ಕೆ ಇವಳಿಂದ ಬೈಸಿಕೊಂಡು ಮತ್ತೆ ಮಲಗಿದ್ದರು. ಆ ಕತೆಯನ್ನು ಊರಿನ ಹೆಂಗಸರು ಈಗಲೂ ಹೇಳಿ ನಗುತ್ತಾರೆ.

ಇಷ್ಟೆಲ್ಲ ಮಾಡಿದವಳಿಗೆ ಒಂದು ಬಾಣಂತನ ಮಾತ್ರ ಸಿಗಲಿಲ್ಲ. ಪುಷ್ಪಜಳಿಗೆ ಮಕ್ಕಳಾಗಲಿಲ್ಲ. ಮದುವೆಯಾಗಿ ಹದಿನಾರು ವರ್ಷ, ಗಂಡ ಸುಗುಣನ್ ಕೆಂಪುಕಲ್ಲು ಕಡಿಯುವವನು, ಒಳ್ಳೆಯವನು. ಪುಷ್ಪಜ ನೇಕಾರರ ಸಂಘದಲ್ಲಿ ಮಗ್ಗ ನೇಯುತ್ತಿದ್ದಳು. ಮೂವತ್ತೊಂಬತ್ತನೆಯ ವರ್ಷದಲ್ಲಿ ಅವಳ ಹೊಟ್ಟೆ ಉಬ್ಬತೊಡಗಿದಾಗ ಚಿರುತೇಯಿಯ ಕಣ್ಣು ಮೊದಲು ಬೇರೆಯದನ್ನೇ ಎಣಿಸಿತು. ಎರಡು ವಾರ ಯಾರಿಗೂ ಹೇಳದೆ ಒಳಗೊಳಗೇ ಖುಷಿಪಟ್ಟಳು. ಸ್ಕ್ಯಾನಿಂಗಿನವನು ಅದು ಅಂಡಾಶಯದ ಗಡ್ಡೆ ಎಂದ. ತಲಶ್ಶೇರಿಯ ಕಡೆ, ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಗರ್ಭಕೋಶವನ್ನೂ ಸೇರಿಸಿ ಎಲ್ಲ ತೆಗೆದರು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಸಲ ನರಕ್ಕೆ ಮದ್ದು ಕೊಡಬೇಕು, ಆರೂ ಮುಗಿದರೆ ಬದುಕುವ ಭರವಸೆ ಚೆನ್ನಾಗಿದೆ ಎಂದರು.

ಮಗಳನ್ನು ಮನೆಗೆ ಕರೆತಂದ ದಿನ ಚಿರುತೇಯಿ ಹಂಡೆಗೆ ಸೊಪ್ಪು ಹಾಕಿದಳು. ಪಕ್ಕದ ಮನೆಯವಳು ಇದೆಂತ ಎಂದು ಕೇಳಿದಾಗ ಹೇಳಿದಳು, "ಇದೂ ಹೆರಿಗೆಯೇ ಮಾರಾಯ್ತಿ. ಮಗು ಬರ್ಲಿಲ್ಲ ಅಷ್ಟೆ. ಹೊಟ್ಟೆ ಬರಿದಾದ್ದು ಬರಿದಾದ್ದೇ. ಇದಕ್ಕೆ ನಲ್ವತ್ತೊಂದು ದಿನ ಸಾಕಾಗುದಿಲ್ಲ, ಮದ್ದು ಮುಗಿಯುವ ತನಕ ಬೇಕು."

ಆಸ್ಪತ್ರೆಯವರು ಒಂದು ಕಾಗದ ಕೊಟ್ಟಿದ್ದರು. ನಿಂತ ಮನುಷ್ಯ, ಕೂತ ಮನುಷ್ಯ, ಕಾಲೆತ್ತಿದ ಮನುಷ್ಯ, ಹೀಗೆ ಚಿತ್ರಗಳು. ಅಕ್ಷರ ಓದಲು ಬಾರದ ಚಿರುತೇಯಿಗೂ ಚಿತ್ರ ಅರ್ಥವಾಗಿತ್ತು. ಅದನ್ನು ಲೇಹ್ಯದ ಭರಣಿಯ ಬಾಯಿಗೆ ಕಟ್ಟಿದಳು.

ತೊಂಬತ್ತೊಂದು ದಿನ ಮಗಳಿಗೆ ಉಣ್ಣಿಸಿದಳು, ಮೀಯಿಸಿದಳು, ಮಗ್ಗುಲು ತಿರುಗಿಸಿದಳು. ಬಚ್ಚಲಿಗೆ ಸುಗುಣನ್ ಎತ್ತಿಕೊಂಡು ಹೋಗುತ್ತಿದ್ದ. ಇಂಥ ತಾಯಿ ಯಾರಿಗುಂಟು ಎಂದು ಊರು ಹೇಳಿತು.

ಡಾಕ್ಟರು ಈಗ ಹೇಳಿದ್ದು ಇಷ್ಟೆ. "ನಾಲ್ಕನೇ ಮದ್ದು ಇವತ್ತು ಕೊಡ್ಲಿಕ್ಕಾಗುದಿಲ್ಲ. ಈ ಮೈ ಅದನ್ನು ತಡಕೊಳ್ಳುದಿಲ್ಲ."

"ಕಾಯಿಲೆ ಜಾಸ್ತಿ ಆಯ್ತಾ?" ಗಾಲಿಕುರ್ಚಿಯ ಹಿಂದೆ ನಿಂತಿದ್ದ ಸುಗುಣನ್ ಕೇಳಿದ.

"ಕಾಯಿಲೆ ಕಡಿಮೆ ಆಗಿದೆ. ಮದ್ದು ಚೆನ್ನಾಗಿ ಹಿಡಿದಿದೆ. ಇದು ಕಾಯಿಲೆಯಿಂದ ಆದದ್ದಲ್ಲ, ಮದ್ದಿನಿಂದ ಆದದ್ದೂ ಸ್ವಲ್ಪವೇ. ಇದು ಮಲಗಿ ಆದದ್ದು." ಅವರು ನಿಧಾನವಾಗಿಯೇ ಹೇಳಿದರು. "ಎರಡು ವಾರ ಕಾಯುವ. ಅದಕ್ಕಿಂತ ತಡ ಮಾಡಿದ್ರೆ ಇಷ್ಟರ ತನಕ ಕೊಟ್ಟದ್ದು ನೀರಿನಲ್ಲಿ ಹೋಗ್ತದೆ. ಎರಡು ವಾರದಲ್ಲಿ ಇವರು ಎದ್ದು, ಯಾರೂ ಹಿಡೀದೆ, ನಡೀಬೇಕು. ಇಲ್ಲೇ ಹತ್ತಿರ ಛತ್ರದಲ್ಲಿ ನಿಲ್ಲಿ. ದಿನಾ ಕೆಳಗೆ ವ್ಯಾಯಾಮದ ಹಾಲಿಗೆ ಬನ್ನಿ."

ಚಿರುತೇಯಿಗೆ ಕಿವಿಯಲ್ಲಿ ನೀರು ಹೊಕ್ಕಂತಾಯಿತು. ಮಲಗಿ ಆದದ್ದು. ಮಲಗಿಸಿದ್ದು ಯಾರು?

ಹೊರಗೆ ಬಂದ ಮೇಲೆ ಅಳಿಯನನ್ನು ಕೇಳಿದಳು. "ನಿನಗೂ ಹಾಗೇ ಅನ್ನಿಸಿತ್ತಾ?"

ಸುಗುಣನ್ ಗಾಲಿಕುರ್ಚಿಯನ್ನು ತಳ್ಳುತ್ತಲೇ ಇದ್ದ. "ಅನ್ನಿಸಿತ್ತು."

"ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು?"

"ಊರಿಗೆಲ್ಲ ಬಾಣಂತನ ಮಾಡಿದವರು ನೀವು. ಕಲ್ಲು ಕಡಿಯುವವನು ನಿಮಗೆ ಎಂತ ಹೇಳುದು ಅಮ್ಮಾ?"

ಕೆಳಗಿನ ಹಾಲಿನ ಬಾಗಿಲಲ್ಲಿ ಚಿರುತೇಯಿ ನಿಂತೇಬಿಟ್ಟಳು. ತಲೆಯಲ್ಲಿ ಒಂದು ಕೂದಲಿಲ್ಲದ ಹೆಂಗಸು ಮರಳಿನ ಚೀಲವನ್ನು ಎರಡೂ ಕೈಯಲ್ಲಿ ಮೇಲೆತ್ತುತ್ತಿದ್ದಳು. ಮೂಗಿಗೆ ನಳಿಕೆ ಹಾಕಿಕೊಂಡ ಹುಡುಗಿ ಮೆಟ್ಟಿಲು ಹತ್ತಿ ಇಳಿದು, ಮತ್ತೆ ಹತ್ತುತ್ತಿದ್ದಳು. ಒಬ್ಬ ಮುದುಕ ಎಲ್ಲಿಗೂ ಹೋಗದ ಸೈಕಲ್ಲನ್ನು ಬೆವರು ಸುರಿಸಿ ತುಳಿಯುತ್ತಿದ್ದ. ಅವನ ಕುತ್ತಿಗೆಯಲ್ಲಿ ಮದ್ದು ಹಾಕುವ ಸೂಜಿಯ ಪಟ್ಟಿ ಅಂಟಿಸಿದ್ದು ಹಾಗೇ ಇತ್ತು. ಇವರನ್ನೆಲ್ಲ ಹಾಸಿಗೆಗೆ ಹಾಕಿ ಹೊದಿಸುವ ಬದಲು ಯಾರು ಹೀಗೆ ಹಿಂಸೆ ಕೊಡುತ್ತಿದ್ದಾರೆ?

"ಇದು ಆಸ್ಪತ್ರೆಯಾ, ಸರ್ಕಸ್ಸಾ?" ಎಂದು ಬಾಯಿತಪ್ಪಿ ಹೇಳಿದಳು.

ಸೈಕಲ್ಲಿನ ಮುದುಕ ತಿರುಗಿ, ಅತ್ತಿಗೆಯನ್ನು ಕರೆಯುವ ಸಲಿಗೆಯಲ್ಲಿ ಹೇಳಿದ. "ಸರ್ಕಸ್ಸಲ್ಲಿ ಇಷ್ಟು ಕಷ್ಟ ಇರ್ಲಿಲ್ಲ ಏಟ್ಟತ್ತಿ. ಇಪ್ಪತ್ತೆಂಟು ವರ್ಷ ಇದ್ದವ ಹೇಳ್ತೇನೆ, ಕೇಳಿ. ಅಲ್ಲಿ ಸಿಂಹಕ್ಕಾದ್ರೂ ಮಧ್ಯಾಹ್ನ ಮಲಗ್ಲಿಕ್ಕೆ ಬಿಡ್ತಿದ್ರು."

ಅವನ ಹೆಸರು ಕಣಾರನ್, ತಲಶ್ಶೇರಿಯವನೇ. ಉಯ್ಯಾಲೆಯಲ್ಲಿ ತಲೆಕೆಳಗಾಗಿ ತೂಗುತ್ತ, ಆಚೆಯಿಂದ ಹಾರಿ ಬರುವವರ ಕೈ ಹಿಡಿಯುವುದು ಅವನ ಕೆಲಸವಾಗಿತ್ತು. ಈಗ ಹೊಟ್ಟೆಯಲ್ಲಿ ಕ್ಯಾನ್ಸರ್, ಏಳನೆಯ ಮದ್ದು ನಡೆಯುತ್ತಿತ್ತು.

ವ್ಯಾಯಾಮದ ಹಾಲಿನ ಯಜಮಾನಿ ಫರ್ಸಾನ ಎಂಬ ಹುಡುಗಿ. ತಲೆಗೆ ತಿಳಿನೀಲಿ ಬಟ್ಟೆ ಸುತ್ತಿ, ಕೈಯಲ್ಲಿ ಅಳೆಯುವ ಟೇಪು ಹಿಡಿದಿದ್ದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಪುಷ್ಪಜಳ ಎದುರು ಮಂಡಿಯೂರಿ ಕೂತು, ಅಕ್ಕನನ್ನು ಕರೆಯುವ ಹಾಗೆ, "ಚೇಚೀ, ಕೈ ಎದೆ ಮೇಲೆ ಕಟ್ಟಿ, ಕುರ್ಚಿಯಿಂದ ಒಮ್ಮೆ ಏಳಿ ನೋಡುವ" ಎಂದಳು.

ಪುಷ್ಪಜ ಮುಂದಕ್ಕೆ ಬಾಗಿದಳು. ತೊಡೆ ನಡುಗಿತು. ಸೊಂಟ ಕುರ್ಚಿಯಿಂದ ನಾಲ್ಕು ಬೆರಳಿನಷ್ಟು ಮೇಲೆದ್ದು ಧೊಪ್ಪನೆ ಕೂತಿತು. ಎಡಬಿಡದೆ ಎಂಟು ಗಂಟೆ ಮಗ್ಗ ತುಳಿಯುತ್ತಿದ್ದ ಹೆಂಗಸು. ಚಿರುತೇಯಿ ಓಡಿಹೋಗಿ ಕಂಕುಳಿಗೆ ಕೈ ಹಾಕಿದಳು. ಫರ್ಸಾನ ಆ ಕೈಯನ್ನು ಮೆಲ್ಲಗೆ ಬಿಡಿಸಿ, ಹಾಗೇ ಹಿಡಿದುಕೊಂಡು ಪುಷ್ಪಜಳ ಮೀನಖಂಡದ ಮೇಲೆ ಇಟ್ಟಳು.

"ಅಮ್ಮಮ್ಮಾ, ದಿನಾ ಎಣ್ಣೆ ತಿಕ್ಕಿದ್ದು ನೀವೇ ಅಂತ ಹೇಳಿದ್ರಲ್ಲ. ಇಲ್ಲಿ ಇದ್ದ ಮಾಂಸ ಎಲ್ಲಿ ಹೋಯ್ತು?"

ಕೈಗೆ ಗೊತ್ತಿತ್ತು. ಅದೇ ಅವಳನ್ನು ಸಿಡಿಲಿನಂತೆ ಹೊಡೆದದ್ದು. ಮೊದಲ ತಿಂಗಳು ಬೆರಳುಗಳ ಕೆಳಗೆ ಗಟ್ಟಿಯಾಗಿ ಉರುಳುತ್ತಿದ್ದದ್ದು ಎರಡನೆಯ ತಿಂಗಳಿಗೆ ಹಿಟ್ಟಿನಂತಾಗಿ, ಮೂರನೆಯ ತಿಂಗಳಿಗೆ ಬರೀ ಚರ್ಮ ಜೋಲುವಂತಾದದ್ದು, ನಲವತ್ತೆಂಟು ವರ್ಷ ಮೈ ತಿಕ್ಕಿದ ಆ ಕೈಗೆ ಚೆನ್ನಾಗಿ ಗೊತ್ತಿತ್ತು. ರೋಗ ತಿನ್ನುತ್ತಿದೆ ಎಂದುಕೊಂಡು ಅವಳು ಇನ್ನಷ್ಟು ಎಣ್ಣೆ ಹಚ್ಚಿದ್ದಳು, ಇನ್ನಷ್ಟು ಮಲಗಿಸಿದ್ದಳು.

ಫರ್ಸಾನ ಎರಡೂ ಕಾಲಿಗೆ ಟೇಪು ಸುತ್ತಿ ಅಳತೆ ಬರೆದುಕೊಂಡಳು. "ಒಂದು ಕಾಲು ಮಾತ್ರ ಬಾತದ್ದು ಉಂಟಾ? ಬಿಸಿ ಆಗಿ, ನೋವು ಬಂದು?"

"ಇಲ್ಲ. ಯಾಕೆ ಮೋಳೇ?" ಚಿರುತೇಯಿ ತನ್ನ ಮಗಳನ್ನು ಕರೆಯುವ ಹಾಗೆಯೇ ಕರೆದು ಕೇಳಿದಳು.

"ತುಂಬ ದಿನ ಮಲಗಿದವರಿಗೆ ಕಾಲಿನ ಒಳಗೆ ರಕ್ತ ಹೆಪ್ಪುಗಟ್ಟುವುದುಂಟು. ಈ ಕಾಯಿಲೆಯವರಿಗೆ ಹೆಚ್ಚು. ಅದು ಕಿತ್ತು ಮೇಲೆ ಹೋದ್ರೆ ಉಸಿರು ನಿಂತುಬಿಡ್ತದೆ. ಅದಕ್ಕೇ ನಾವು ದಿನಾ ಅಳೀತೇವೆ."

"ಹೆತ್ತವರಿಗೆ?"

"ಎಂತ?"

"ಹೆತ್ತು ಮಲಗಿದವರಿಗೆ ಸಹ ಹಾಗೆ ಆಗ್ತದಾ?"

"ಆಗ್ತದೆ. ಎಲ್ಲರಿಗೂ ಅಲ್ಲ. ಆದ್ರೆ ಹೆತ್ತವರು ಒಂದೇ ಸಮನೆ ಮಲಗಿದ್ರೆ ಆಗುವುದುಂಟು."

"ಅಂಥ ಕಾಲನ್ನು ತಿಕ್ಕಿದ್ರೆ?"

"ತಿಕ್ಕಲೇಬಾರ್ದು ಅಮ್ಮಮ್ಮಾ. ಎಂತಕ್ಕೆ ಕೇಳ್ತೀರಿ?"

ಚಿರುತೇಯಿ ಬಾಗಿಲ ಕಡೆ ತಿರುಗಿದಳು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮೂವತ್ತೊಂದು ವರ್ಷದ ಹಿಂದಿನ ಒಂದು ಕಾಲು ಅವಳ ಕಣ್ಣ ಮುಂದೆ ಬಂದಿತ್ತು, ಬಲಗಾಲು. ವಿಲಾಸಿನಿ ಎಂದು ಹೆಸರು, ಇಪ್ಪತ್ತೆರಡು ವರ್ಷದವಳು, ಚೊಚ್ಚಲು. ಇಪ್ಪತ್ತನೆಯ ದಿನ ಆ ಕಾಲು ಬಾತು ಕೆಂಡದಂತಾಗಿತ್ತು. ವಾಯು ಇಳಿದಿದೆ ಎಂದು ಚಿರುತೇಯಿ ಅವಳನ್ನು ಮತ್ತೆ ಮಲಗಿಸಿ, ಏಳಬಾರದೆಂದು ಹೇಳಿ, ಎರಡು ದಿನ ಅದನ್ನು ಒತ್ತಿ ಒತ್ತಿ ತಿಕ್ಕಿದಳು. ಇಪ್ಪತ್ತೆರಡನೆಯ ದಿನ ಹುಡುಗಿ ಎದ್ದು ಬಾಗಿಲ ತನಕ ಹೋದವಳು, ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಬಿದ್ದಳು. ಮಗುವಿಗೆ ಹಾಲೂಡಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹೇಳದೆ ಕೇಳದೆ ಎದ್ದದ್ದಕ್ಕೇ ಹೀಗಾಯಿತು ಎಂದು ಚಿರುತೇಯಿ ಎಲ್ಲರಿಗೂ ಹೇಳಿದಳು, ತಾನೂ ನಂಬಿದಳು. ಅಲ್ಲಿಯವರೆಗೆ ಅವಳೂ ಉಳಿದವರ ಹಾಗೆ ಹದಿನೈದು ದಿನಕ್ಕೆ ಎಬ್ಬಿಸುತ್ತಿದ್ದಳು. ಕಾಲು ನೆಲಕ್ಕೆ ಊರಬಾರದು ಎಂಬ ನಿಯಮ ಶುರುವಾದದ್ದು ವಿಲಾಸಿನಿ ಸತ್ತ ಮೇಲೆ.

ಮೆಟ್ಟಿಲಲ್ಲಿ ಎಷ್ಟು ಹೊತ್ತು ಕೂತಿದ್ದಳೋ ಗೊತ್ತಿಲ್ಲ. ಯಾರೋ ನೀರು ಕೊಟ್ಟರು, ಕುಡಿದಳು, ಕೊಟ್ಟವರ ಮುಖ ನೋಡಲಿಲ್ಲ.

ಸುಗುಣನ್ ಕೆಲಸಕ್ಕೆ ಊರಿಗೆ ಹೋದ. ತಾಯಿ ಮಗಳು ಛತ್ರದಲ್ಲಿ ಉಳಿದರು. ಮೊದಲ ದಿನ ಮಂಚದ ಅಂಚಿನಲ್ಲಿ ಕೂತು ಕಾಲು ಚಾಚುವುದು, ಐದು ಸಲ. ಎರಡನೆಯ ದಿನ ಎತ್ತರದ ಸ್ಟೂಲಿನಿಂದ ಏಳುವುದು. ದಿನ ಕಳೆದ ಹಾಗೆ ಸ್ಟೂಲು ಗಿಡ್ಡವಾಗುತ್ತ ಬಂತು. ಮೂರನೆಯ ದಿನ ಗೋಡೆಯ ಕಂಬಿ ಹಿಡಿದು ಹತ್ತು ಹೆಜ್ಜೆ. ಪುಷ್ಪಜ ಏದುಸಿರು ಬಿಡುವಾಗ ಚಿರುತೇಯಿಯ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಫರ್ಸಾನ ಎರಡು ಸಲ ಹೇಳಿದಳು, ಮೂರನೆಯ ಸಲ ಒಂದು ಕುರ್ಚಿಯನ್ನು ಹಾಲಿನ ಆ ಮೂಲೆಯಲ್ಲಿ ಹಾಕಿ, "ಅಮ್ಮಮ್ಮನ ಜಾಗ ಇದು, ಇಲ್ಲಿಂದ ಎದ್ರೆ ಹೊರಗೆ ಕಳಿಸ್ತೇನೆ" ಎಂದಳು. ಮೊಮ್ಮಗಳ ಪ್ರಾಯದ ಹುಡುಗಿಯ ಬಾಯಿಂದ ಅಂಥ ಮಾತು ಕೇಳಿದ್ದು ಚಿರುತೇಯಿಗೆ ಅದೇ ಮೊದಲು.

ಕಣಾರನ್ ಸೈಕಲ್ ಇಳಿದು ಬಂದು ಪಕ್ಕದಲ್ಲಿ ಕೂತ. "ಏಟ್ಟತ್ತಿ, ನಿಮ್ಮ ಕೈ ನೋಡಿದ್ರೆ ನನಗೆ ನನ್ನ ಮೊದಲ ವರ್ಷ ನೆನಪಾಗ್ತದೆ. ಹಾರಿ ಬರುವ ಹುಡುಗಿ ಆಚೆ ಕಂಬಿ ಬಿಡುವ ಮೊದಲೇ ನಾನು ಹೆದರಿ ಕೈ ಹಾಕ್ತಿದ್ದೆ. ಇಬ್ಬರೂ ಬಲೆಗೆ. ಮ್ಯಾನೇಜರು ಎಂತ ಬೈದದ್ದು ಗೊತ್ತುಂಟಾ?"

"ಎಂತ?"

"ಅದನ್ನು ಹೆಂಗಸರ ಎದುರು ಹೇಳ್ಲಿಕ್ಕಾಗುದಿಲ್ಲ."

ಪಕ್ಕದಲ್ಲಿ ಮರಳಿನ ಚೀಲ ಎತ್ತುತ್ತಿದ್ದವಳು ನಗು ತಡೆಯಲಾಗದೆ ಚೀಲ ಕೆಳಗಿಟ್ಟಳು. ಚಿರುತೇಯಿಗೆ ನಗು ಬರಲಿಲ್ಲ. ಇವರು ಹೇಗೆ ನಗುತ್ತಾರೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಆರನೆಯ ದಿನ ಬೆಳಿಗ್ಗೆ ಛತ್ರದ ನಲ್ಲಿಯ ಹತ್ತಿರ ಪುಷ್ಪಜ ಸ್ಟೂಲಿನ ಮೇಲೆ ಕೂತು ತನ್ನ ಒಳಲಂಗವನ್ನು ತಾನೇ ಹಿಂಡುತ್ತಿದ್ದಳು. ಚಿರುತೇಯಿ ಬಂದವಳೇ ಅದನ್ನು ಕಿತ್ತುಕೊಂಡಳು. "ಕೊಡು ಇಲ್ಲಿ. ಕೈ ನೋವಾಗ್ತದೆ."

"ಅಮ್ಮಾ, ಅಲ್ಲಿಡು ಅದನ್ನು."

"ನಾನಿಲ್ವಾ ಮಾಡ್ಲಿಕ್ಕೆ?"

"ಅಲ್ಲಿಡು ಅಂದೆ." ದನಿ ಏರಿರಲಿಲ್ಲ, ಆದರೆ ಪುಷ್ಪಜಳ ತುಟಿ ಬೆಳ್ಳಗಾಗಿತ್ತು. "ನಿನಗೊಂದು ವಿಷಯ ಗೊತ್ತಿಲ್ಲ. ಮೊದಲ ತಿಂಗಳು ಬೆಳಿಗ್ಗೆ ನೀನು ಕೆರೆಗೆ ಸ್ನಾನಕ್ಕೆ ಹೋಗ್ತಿದ್ದಿಯಲ್ಲ, ಆಗೆಲ್ಲ ನಾನು ಎದ್ದು ನಡೀತಿದ್ದೆ. ಒಳಗಿಂದ ಜಗಲಿಗೆ, ಜಗಲಿಯಿಂದ ಒಳಗೆ. ಕಾಗದದಲ್ಲಿದ್ದ ಹಾಗೆ ಕಾಲೆತ್ತಿ ಇಳಿಸ್ತಿದ್ದೆ. ಆಸ್ಪತ್ರೆಯಲ್ಲಿ ನನಗೆ ಹೇಳಿಕೊಟ್ಟಿದ್ರು."

ಚಿರುತೇಯಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸುರಿಯುತ್ತಲೇ ಇತ್ತು. "ಮತ್ತೆ ಯಾಕೆ ಬಿಟ್ಟೆ?"

"ಒಂದು ದಿನ ನೀನು ಬೇಗ ಬಂದೆ. ನೆಲದಲ್ಲಿ ನನ್ನ ಒದ್ದೆ ಕಾಲಿನ ಗುರುತು ನೋಡಿದೆ. ನೆನಪುಂಟಾ?"

ನೆನಪಿತ್ತು. ಆ ದಿನ ಚಿರುತೇಯಿ ಎದೆ ಬಡಿದುಕೊಂಡು ಅತ್ತಿದ್ದಳು. ಸಾಯ್ಲಿಕ್ಕೆ ಹೊರಟಿದ್ದೀಯಾ ಎಂದು ಕೇಳಿ, ಸಂಜೆ ತನಕ ಒಂದು ತೊಟ್ಟು ಗಂಜಿನೀರೂ ಮುಟ್ಟಿರಲಿಲ್ಲ.

"ನೀನು ಉಪವಾಸ ಕೂತದ್ದು ನನಗೆ ನೋಡ್ಲಿಕ್ಕಾಗ್ಲಿಲ್ಲ. ನನ್ನಿಂದ ನಿನಗೆ ಒಂದು ಬಾಣಂತನ ಸಹ ಸಿಗ್ಲಿಲ್ಲ ಅಂತ ನನಗೆ ಗೊತ್ತಿಲ್ವಾ? ಇದಾದ್ರೂ ಸಿಗ್ಲಿ ಅಂತ ಮಲಗಿದೆ. ಆಮೇಲೆ ಏಳುವ ಅಂದ್ರೆ ಏಳ್ಲಿಕ್ಕೇ ಆಗ್ಲಿಲ್ಲ."

ಚಿರುತೇಯಿ ಬಟ್ಟೆಯನ್ನು ಬಾಲ್ದಿಗೆ ಹಾಕಿದಳು. ಅಂಗಳದಲ್ಲಿ ಯಾರದೋ ರೇಡಿಯೋ ವಾರ್ತೆ ಹೇಳುತ್ತಿತ್ತು, ಒಂದು ಅಕ್ಷರವೂ ಅವಳ ತಲೆಗೆ ಹೋಗಲಿಲ್ಲ. ಮಗಳು ತನಗೋಸ್ಕರ ಮಲಗಿದ್ದಾಳೆ. ಇಷ್ಟು ದಿನ ತಾನು ಮಗಳಿಗೆ ಮಾಡುತ್ತಿದ್ದೇನೆ ಎಂದುಕೊಂಡದ್ದನ್ನು ಮಗಳೇ ತನಗೆ ಮಾಡುತ್ತಿದ್ದಳು, ಮಾಡುತ್ತ ಮಾಡುತ್ತ ಸಾಯುವ ಹತ್ತಿರ ಹೋಗಿದ್ದಳು. ಪುಷ್ಪಜ ಲಂಗವನ್ನು ಬಾಲ್ದಿಯಿಂದ ತೆಗೆದು, ಮೂರು ಸಲ ನಿಂತು ಉಸಿರೆಳೆದು, ಪೂರ್ತಿ ಹಿಂಡಿದಳು. ಹಗ್ಗದ ಹತ್ತಿರ ಹೋಗಿ ಹರವಿದಳು. ಹನ್ನೊಂದು ಹೆಜ್ಜೆ. ಚಿರುತೇಯಿ ಎಣಿಸಿದಳು.

ಆ ದಿನದ ಮೇಲೆ ಚಿರುತೇಯಿ ಹಾಲಿನ ಮೂಲೆಯ ಕುರ್ಚಿಯಿಂದ ಏಳಲಿಲ್ಲ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೇ ಕೂರುತ್ತಿದ್ದಳು. ಒಂಬತ್ತನೆಯ ದಿನ ಪುಷ್ಪಜಳಿಗೆ ವಾಂತಿಯಾಯಿತು, ವ್ಯಾಯಾಮ ಅರ್ಧಕ್ಕೆ ನಿಂತಿತು. ಹತ್ತನೆಯ ದಿನ ಜ್ವರ ಬಂದಂತಿದೆ ಎಂದು ಹಾಲಿಗೇ ಬಿಡಲಿಲ್ಲ, ರಕ್ತ ನೋಡಿ, ಹೆದರುವುದೇನಿಲ್ಲ ಎಂದು ಮರುದಿನ ಬಿಟ್ಟರು. ಆ ಒಂದು ದಿನ ಚಿರುತೇಯಿ ಛತ್ರದ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಮಗಳು ಮಲಗಿದ್ದನ್ನು ನೋಡಿ ಹೆದರಿದ್ದು ಅವಳ ಜನ್ಮದಲ್ಲೇ ಅದು ಮೊದಲು.

ಹದಿನಾಲ್ಕನೆಯ ದಿನ ಡಾಕ್ಟರೇ ಕೆಳಗೆ ಬಂದರು. ಉದ್ದನೆಯ ಕಾರಿಡಾರಿನ ಎರಡು ತುದಿಯಲ್ಲಿ ಎರಡು ಕೆಂಪು ಗುರುತು ಇಟ್ಟಿದ್ದರು. ಆರು ನಿಮಿಷ ನಡೆಯಬೇಕು, ಆಚೆ ಈಚೆ, ಆದಷ್ಟು. ಬೇಕಿದ್ದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಬೆಂಚಿನಲ್ಲಿ ಚಿರುತೇಯಿ, ಪಕ್ಕದಲ್ಲಿ ಕಣಾರನ್. ಸುಗುಣನ್ ಊರಿನಿಂದ ಬೆಳಗಿನ ರೈಲಿಗೆ ಬಂದು ಕಂಬಕ್ಕೆ ಒರಗಿ ನಿಂತಿದ್ದ.

ಪುಷ್ಪಜ ಹೊರಟಳು. ಮೊದಲ ಸುತ್ತು, ಎರಡನೆಯ ಸುತ್ತು. ಹೆಜ್ಜೆ ಚಿಕ್ಕದಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಮೂರನೆಯ ಸುತ್ತಿನ ನಡುವೆ ಅವಳ ಮೊಣಕಾಲು ಒಮ್ಮೆಲೇ ಮಡಚಿತು. ಗೋಡೆಗೆ ಕೈ ಕೊಟ್ಟಳು, ಸಿಗಲಿಲ್ಲ. ನೆಲಕ್ಕೆ ಕೂತೇಬಿಟ್ಟಳು.

ಸುಗುಣನ್ ಎರಡು ಹೆಜ್ಜೆ ಮುಂದೆ ಬಂದ. ಫರ್ಸಾನ ಪಕ್ಕದಲ್ಲೇ ಇದ್ದಳು, ಬಗ್ಗಿ ಮುಖ ನೋಡಿ, "ನೋವಾಯ್ತಾ ಚೇಚೀ? ತಲೆ ತಿರುಗ್ತದಾ?" ಎಂದು ಕೇಳಿದಳು. ಪುಷ್ಪಜ ಇಲ್ಲವೆಂದು ತಲೆಯಾಡಿಸಿದಳು. ನೆಲದಿಂದ ಏಳುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿರುತೇಯಿ ಎದ್ದು ನಿಂತಿದ್ದಳು. ಎಲ್ಲರೂ ಈಗ ಅವಳು ಓಡುತ್ತಾಳೆ ಎಂದುಕೊಂಡರು. ಓಡಲಿಲ್ಲ. ಅಲ್ಲೇ ನಿಂತು, ಇಡೀ ಕಾರಿಡಾರಿಗೆ ಕೇಳುವಂತೆ, ಹೆರುವ ಹೆಂಗಸರ ತಲೆಯ ಬಳಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು. "ಮಗ್ಗುಲಿಗೆ ತಿರುಗು. ಎರಡೂ ಕೈ ನೆಲಕ್ಕೆ ಕೊಡು. ಒಂದು ಮಂಡಿ ಊರು. ಅವಸರ ಬೇಡ. ಉಸಿರು ಬಿಡು. ಈಗ ಇನ್ನೊಂದು ಕಾಲು."

ಪುಷ್ಪಜ ತಿರುಗಿದಳು, ಕೈ ಕೊಟ್ಟಳು, ಮಂಡಿ ಊರಿದಳು. ತೋಳು ಕಂಪಿಸಿತು. ಒಮ್ಮೆ ಕೂತಳು. ಮತ್ತೆ ಊರಿದಳು, ಎದ್ದಳು. ಗಡಿಯಾರದಲ್ಲಿ ಎಷ್ಟು ಹೋಯಿತೋ ಏನೋ, ಕೆಂಪು ಗುರುತಿನ ಕಡೆಗೆ ಮುಖ ಮಾಡಿ ಮತ್ತೆ ನಡೆದಳು.

ಆರು ನಿಮಿಷ ಮುಗಿದಾಗ ನೂರ ಎಂಬತ್ನಾಲ್ಕು ಮೀಟರ್ ಆಗಿತ್ತು. ಫರ್ಸಾನ ಅದನ್ನು ಬರೆದು ಡಾಕ್ಟರಿಗೆ ಕೊಟ್ಟಳು. ಅವರು ಕಾಗದಕ್ಕಿಂತ ಹೆಚ್ಚಾಗಿ ಪುಷ್ಪಜಳನ್ನೇ ನೋಡಿದರು. "ನೆಲದಿಂದ ಎದ್ದಿರಲ್ಲ, ಅದು ನನಗೆ ನಡೆದದ್ದಕ್ಕಿಂತ ದೊಡ್ಡದು. ನಾಳೆ ರಕ್ತ ನೋಡುವ. ಸರಿ ಇದ್ರೆ ನಾಡಿದ್ದು ನಾಲ್ಕನೇದು ಕೊಡುವ."

ಸುಗುಣನ್ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡ. ಕಣಾರನ್, "ಇನ್ನು ನಿಮ್ಮ ಹುಡುಗಿಗೆ ಉಯ್ಯಾಲೆ ನಾನು ಕಲಿಸ್ತೇನೆ" ಎಂದ. ಚಿರುತೇಯಿ ಡಾಕ್ಟರ ಹಿಂದೆ ನಾಲ್ಕು ಹೆಜ್ಜೆ ಹೋದಳು.

"ಡಾಕ್ಟ್ರೇ, ನಾನು ಅವಳನ್ನು ಇನ್ನೊಂದು ತಿಂಗಳು ಹಾಗೇ ಮಲಗಿಸಿದ್ದಿದ್ರೆ?"

ಅವರು ತಿರುಗಿದರು. "ಅದನ್ನು ಈಗ ಯಾಕೆ ಕೇಳ್ತೀರಿ ಅಮ್ಮಾ" ಎಂದು ಹೋದರು.

ರಕ್ತ ಸರಿ ಇತ್ತು. ನಾಲ್ಕನೆಯ ಮದ್ದು ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ಸ್ವಲ್ಪ ಕಡಿಮೆ ಮಾಡಿ ಕೊಟ್ಟಿದ್ದೇವೆ, ಮುಂದಿನ ಸಲಕ್ಕೆ ಇನ್ನೂ ಗಟ್ಟಿಯಾದರೆ ಪೂರ್ತಿ ಕೊಡುತ್ತೇವೆ ಎಂದು ಹೇಳಿದರು. ಬಾಟಲಿಯಿಂದ ಹನಿ ಇಳಿಯುತ್ತಿದ್ದ ಹಾಗೆ ಪುಷ್ಪಜಳಿಗೆ ಜೋಂಪು ಹತ್ತಿತು. ಹನ್ನೊಂದರ ಹೊತ್ತಿಗೆ ಗಾಢ ನಿದ್ದೆ. ಕೂದಲಿಲ್ಲದ ತಲೆ ದಿಂಬಿನಲ್ಲಿ ಒಂದು ಕಡೆಗೆ ವಾಲಿ, ಬಾಯಿ ಸ್ವಲ್ಪ ತೆರೆದು, ಮುಖ ಚಿಕ್ಕ ಮಗುವಿನದರ ಹಾಗಿತ್ತು.

ನರ್ಸು ಬಂದು ಬಾಟಲಿ ನೋಡಿದಳು. "ಒಂದು ಸಲ ಎಬ್ಬಿಸಿ ಬಾಗಿಲ ತನಕ ನಡೆಸ್ಬೇಕು ಅಂತ ಫರ್ಸಾನ ಹೇಳಿ ಹೋಗಿದ್ದಾಳೆ. ಸ್ಟ್ಯಾಂಡು ನಾನು ಹಿಡ್ಕೊಳ್ತೇನೆ. ನೀವು ಎಬ್ಬಿಸಿ."

ಚಿರುತೇಯಿ ಮಂಚದ ಪಕ್ಕ ನಿಂತಳು. ನಲವತ್ತೆಂಟು ವರ್ಷದಲ್ಲಿ ಎಷ್ಟೋ ಮನೆಯಲ್ಲಿ, ಮಲಗಿದ ಹೆಂಗಸು ಎಚ್ಚರವಾಗದಿರಲಿ ಎಂದು ಪಾತ್ರೆ ಸದ್ದಾಗದ ಹಾಗೆ ಇಟ್ಟವಳು, ಅಳುವ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದವಳು, ಮಾತಾಡಿದ ಗಂಡಸರನ್ನು ಗದರಿಸಿದವಳು. ನಿದ್ದೆ ಹೋದವರನ್ನು ಎಬ್ಬಿಸುವ ಮಾತು ಅವಳ ಬಾಯಲ್ಲಿ ಇರಲೇ ಇಲ್ಲ. ಬಗ್ಗಿ ಮಗಳ ಭುಜದ ಮೇಲೆ ಕೈಯಿಟ್ಟಳು.

"ಮೋಳೇ," ಎಂದಳು. "ಏಳು. ಮಲಗಿದ್ದು ಸಾಕು."

ಪುಷ್ಪಜ ಕಣ್ಣು ಬಿಟ್ಟಳು. ಎದುರಿಗಿದ್ದದ್ದು ತಾಯಿಯ ಮುಖವೇ, ದನಿಯೂ ತಾಯಿಯದೇ. ಆದರೂ ಹೇಳಿದ್ದು ಯಾರು ಎಂದು ತಿಳಿಯದವಳ ಹಾಗೆ, ನರ್ಸಿನ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡುತ್ತ ಉಳಿದಳು. ಆಮೇಲೆ ಕಾಲು ಕೆಳಗಿಳಿಸಿದಳು.